ಉಳಿ ಇಡುವ ಮೊದಲು ಕಲ್ಲನ್ನು ಹೀಗೆ ಪರೀಕ್ಷಿಸಿ

ಕೆತ್ತನೆಗೆ ಕಲ್ಲು ಆರಿಸುವಾಗ ಸುಮಾರು ಜನ ಬಣ್ಣ ನೋಡುತ್ತಾರೆ, ಗಟ್ಟಿಯೋ ಮೆದುವೋ ಅಂತ ಕೇಳುತ್ತಾರೆ, ಅಷ್ಟೇ. ಅದರೊಳಗಿನ ಕಣಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಅನ್ನೋದನ್ನೂ ನೋಡಲೇಬೇಕು.

ಮೊದಲು ಗೀರಿ ನೋಡಿ. ಉಗುರಿಗೇ ಗೀರು ಬಿದ್ದರೆ ಬಳಪದ ಕಲ್ಲು ಇರಬಹುದು. ಅದರಲ್ಲಿರುವ ಟಾಲ್ಕ್ ಅನ್ನೋ ಖನಿಜ, 1ರಿಂದ 10ರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ ಬರೀ 1. ಉಗುರಿಗೆ ಬಗ್ಗದೆ ಚಾಕುವಿಗೆ ಸುಲಭವಾಗಿ ಗೀರು ಬಿದ್ದರೆ, ಕೆರೆದ ಪುಡಿಯ ಮೇಲೆ ವಿನೆಗರ್ ಹಾಕಿ. ನೊರೆ ಬಂದರೆ ಅದರಲ್ಲಿ ಕ್ಯಾಲ್ಸೈಟ್ ಅನ್ನೋ ಖನಿಜ ಇದೆ, ಅಂದರೆ ಸುಣ್ಣದ ಕಲ್ಲೋ ಅಮೃತಶಿಲೆಯೋ ಇರಬಹುದು. ಕ್ಯಾಲ್ಸೈಟ್‌ನ ಗಡಸುತನ 3. ಗ್ರಾನೈಟ್‌ನಲ್ಲಿರುವ ಖನಿಜಗಳಲ್ಲಿ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7, ಹಾಗಾಗಿ ಚಾಕು ಅಲ್ಲಿ ಸೋಲುತ್ತದೆ.

ಮರಳುಗಲ್ಲಿನ ವಿಷಯದಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ. ಅದರ ಕಣಗಳು ಹೆಚ್ಚಾಗಿ ಕ್ವಾರ್ಟ್ಜ್, ಆದರೂ ಕೆಲವು ಮರಳುಗಲ್ಲು ಬೆರಳಲ್ಲಿ ಉಜ್ಜಿದರೇ ಉದುರುತ್ತದೆ, ಯಾಕಂದರೆ ಕಣಗಳನ್ನು ಅಂಟಿಸಿರುವುದು ಬರೀ ಜೇಡಿ. ಅದೇ ಕಣಗಳನ್ನು ಸಿಲಿಕಾ (ಕ್ವಾರ್ಟ್ಜ್ ಆಗಿರುವ ವಸ್ತುವೇ) ಬೆಸೆದಿದ್ದರೆ ನಿಮ್ಮ ಉಳಿ ಬೇಗ ಮೊಂಡಾಗುತ್ತದೆ.

ಆಮೇಲೆ ಪದರ. ಮರಳುಗಲ್ಲು, ಸುಣ್ಣದ ಕಲ್ಲು ಪದರಪದರವಾಗಿ ಕೂತು ಆದವು, ಅವು ಪದರದ ಗುಂಟ ಸುಲಭವಾಗಿ ಸೀಳುತ್ತವೆ. ಕಲ್ಲನ್ನು ಒದ್ದೆ ಮಾಡಿ ಎಲ್ಲಾ ಮುಖಗಳನ್ನೂ ತಿರುಗಿಸಿ ನೋಡಿ, ಗೆರೆಗಳು ಎದ್ದು ಕಾಣುತ್ತವೆ. ಮೂರ್ತಿಯ ಚಾಚಿದ ಕೈ ಇದೆ ಅಂದುಕೊಳ್ಳಿ: ಪದರ ಕೈಯ ಉದ್ದಕ್ಕೆ ಹೋಗಬೇಕು, ಅಡ್ಡ ಬಂದರೆ ಅದು ಮುರಿಯುವ ಅಪಾಯ ಜಾಸ್ತಿ. ನನ್ನ ಪ್ರಕಾರ ಕಲ್ಲಿಗೆ ತಕ್ಕ ಹಾಗೆ ಭಂಗಿಯನ್ನೇ ಬದಲಿಸುವುದು ಒಳ್ಳೆಯದು.

ಅಮೃತಶಿಲೆ ಬೇರೆ ಥರ. ಸುಣ್ಣದ ಕಲ್ಲು ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಮತ್ತೆ ಹರಳುಗಟ್ಟಿದಾಗ ಅದು ಆಗುತ್ತದೆ, ಹರಳುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ. ಅದಕ್ಕೇ ನಾಜೂಕಾದ ಕೆತ್ತನೆಯನ್ನೂ ತಾಳಿಕೊಳ್ಳುತ್ತದೆ. ಆದರೆ ಕೊನೆಯ ಮೇಲ್ಮೈಗೆ ಹತ್ತಿರ ಬಂದಾಗ ಉಳಿಯನ್ನು ನೆಟ್ಟಗೆ ನಿಲ್ಲಿಸಿ ಹೊಡೆಯಬೇಡಿ, ಒಳಗಿನ ಹರಳುಗಳು ಜಜ್ಜಿ ಹೋಗಿ ಪಾಲಿಶ್ ಮಾಡಿದಾಗ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ.

ಬಿರುಕು ಹುಡುಕಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿರುಕಿಲ್ಲದ ಕಲ್ಲು ಗಣ್ ಅನ್ನುತ್ತದೆ, ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ಇನ್ನೊಂದು ದಾರಿ, ನೀರು ಸುರಿದು ಒಣಗಲು ಬಿಡಿ: ಸುತ್ತಲೂ ಒಣಗಿದ ಮೇಲೂ ಬಿರುಕಿನ ಗೆರೆ ಒದ್ದೆಯಾಗಿಯೇ ಇರುತ್ತದೆ.

ಕ್ವಾರ್ಟ್ಜ್ ಇರುವ ಕಲ್ಲಿನ ಧೂಳು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ತರುತ್ತದೆ, ಕೆಲವು ಬಳಪದ ಕಲ್ಲಿನಲ್ಲಿ ಶ್ವಾಸಕೋಶ ಕೆಡಿಸುವ ನಾರಿನಂಥ ಖನಿಜ ಆಸ್ಬೆಸ್ಟಾಸ್ ಕೂಡ ಇರುತ್ತದೆ. ಮೂಗಿಗೆ ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಹಾಕಿ, ಉಜ್ಜುವಾಗ ಕಲ್ಲನ್ನು ಒದ್ದೆಯಾಗಿಡಿ.