ಕೆಆರ್‌ಎಸ್ ನೀರನ್ನು ಬೆರಳಲ್ಲಿ ಎಳೆದು ನೋಡುವಂತೆ ಮಾಡಿದ್ದು

ಮಳೆಗಾಲ ಬಂತು ಅಂದರೆ ಮಂಡ್ಯ, ಮೈಸೂರು, ಬೆಂಗಳೂರು ಎಲ್ಲ ಕಡೆಯೂ ಒಂದೇ ಪ್ರಶ್ನೆ: ಕೆಆರ್‌ಎಸ್ ಎಷ್ಟು ಅಡಿ ಆಯ್ತು? ಪತ್ರಿಕೆಗಳಲ್ಲೂ ಅಡಿ ಲೆಕ್ಕವೇ ಮುಂದೆ. ಗರಿಷ್ಠ 124.80, ಇಂದು ಇಷ್ಟು. ಆದರೆ ಅಡಿ ಹೇಳುವುದು ಎತ್ತರವನ್ನು, ನೀರು ಎಷ್ಟಿದೆ ಅನ್ನುವುದನ್ನಲ್ಲ. ಜಲಾಶಯ ಬಾಣಲೆಯ ಹಾಗೆ, ತಳದಲ್ಲಿ ಕಿರಿದು, ಮೇಲೆ ಹೋದಷ್ಟೂ ಅಗಲ. 100 ಅಡಿ ಅಂದಾಗ ಮುಕ್ಕಾಲು ದಾಟಿತು ಅನ್ನಿಸುತ್ತದೆ ಅಲ್ವಾ? ಆಗ ಇರುವುದು ಸುಮಾರು 23 ಟಿಎಂಸಿ (ಜಲಾಶಯದ ನೀರು ಅಳೆಯುವ ಲೆಕ್ಕ). ಪೂರ್ತಿ ತುಂಬಿದರೆ 49.45 ಟಿಎಂಸಿ. ಅರ್ಧವೂ ಆಗಿರುವುದಿಲ್ಲ. ಇದು ಕಣ್ಣಿಗೇ ಕಾಣಬೇಕು ಅಂತ, ಪರದೆಯ ಮೇಲೆ ಎಳೆದು ನೋಡುವ ಈ ಚಿತ್ರ ಮಾಡಲು ಕೂತೆ.

ಮೊದಲು ಆಕಾರ. ಎಷ್ಟು ಅಡಿಗೆ ಎಷ್ಟು ನೀರು ಅನ್ನುವ ಪಟ್ಟಿ ಕೈಯಲ್ಲಿದ್ದರೆ ಸಾಕು. ಒಂದು ಅಡಿ ಏರಿದಾಗ ಎಷ್ಟು ನೀರು ಕೂಡಿಕೊಳ್ಳುತ್ತದೋ, ಅದನ್ನೇ ಆ ಅಡಿಯ ಅಗಲ ಮಾಡಿದೆ. ಹೀಗೆ ಅಡಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋದರೆ ಮೇಲಕ್ಕೆ ಬಾಯಿ ತೆರೆದ ಒಂದು ರೂಪ ಸಿಗುತ್ತದೆ. ಅದರಲ್ಲಿ ನೀಲಿ ತುಂಬಿದ ಜಾಗ ಎಷ್ಟೋ, ನೀರೂ ಅದೇ ಲೆಕ್ಕದಲ್ಲಿ. ಇದು ಕಣಿವೆಯ ನಿಜವಾದ ರೂಪ ಅಲ್ಲ. ಹಾಗಂತ ಚಿತ್ರದ ಕೆಳಗೇ ಒಂದು ಸಾಲು ಬರೆದೆ. ನೋಡುವವರಿಗೆ ಅದು ಗೊತ್ತಿರಲೇಬೇಕು.

ಗೆರೆ ಎಳೆದಿದ್ದು ಡಿ3 ಲೈಬ್ರರಿಯಲ್ಲಿ. 2011ರಲ್ಲಿ ಬಂದ ಈ ಜಾವಾಸ್ಕ್ರಿಪ್ಟ್ ಸಲಕರಣೆ ಇಂಥ ಕೆಲಸಕ್ಕೆ ಇಂದಿಗೂ ನನ್ನ ಮೊದಲ ಆಯ್ಕೆ. ಅಂಚು ನಯವಾಗಿ ಬರಲಿ ಅಂತ ಮೊನೊಟೋನ್ ಕರ್ವ್ ಬಳಸಿದೆ, ಅಂದರೆ ಬಿಂದುಗಳ ಮಿತಿ ಮೀರದೆ ಅವನ್ನು ಸೇರಿಸುವ ಬಾಗುಗೆರೆ. ಬೇರೆ ಕೆಲವು ಕರ್ವ್‌ಗಳು ಅಂದ ಕಾಣಲು ಬಿಂದುವನ್ನು ದಾಟಿ ಉಬ್ಬುತ್ತವೆ. ಇಲ್ಲದ ನೀರನ್ನು ತೋರಿಸುವ ಉಬ್ಬು ನನಗೆ ಬೇಡ.

ಸುಮ್ನೆ ತಾನಾಗಿ ತುಂಬುವ ಅನಿಮೇಶನ್ ಹಾಕಬಹುದಿತ್ತು. ಹಾಕಲಿಲ್ಲ. ಜನ ಅದನ್ನು ನೋಡಿ ಮುಂದೆ ಹೋಗಿಬಿಡುತ್ತಾರೆ. ಬದಲಿಗೆ ನೀರಿನ ಮೇಲ್ಮೈಯನ್ನೇ ಬೆರಳಿನಿಂದ ಎಳೆಯುವ ಹಾಗೆ ಮಾಡಿದೆ. ತಳದಲ್ಲಿ ಎಳೆದರೆ ಟಿಎಂಸಿ ಅಂಕಿ ತೆವಳುತ್ತದೆ, ಮೇಲಿನ ಅಡಿಗಳಲ್ಲಿ ಅದೇ ಅಂಕಿ ಓಡುತ್ತದೆ. ಆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ, ವಿವರಣೆಯೇ ಬೇಕಾಗುವುದಿಲ್ಲ. ಗೆರೆ ಕಾಣಲು ತೆಳು, ಆದರೆ ಅದರ ಸುತ್ತ ಬೆರಳು ಹಿಡಿಯುವಷ್ಟು ಕಾಣದ ಪಟ್ಟಿ ಇಟ್ಟಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ನೋಡುವುದು ಮೊಬೈಲ್‌ನಲ್ಲೇ.

ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಇಷ್ಟು ದೊಡ್ಡ ಅಂಕಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಬೆಂಗಳೂರನ್ನು ಇಟ್ಟೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಸೇರಿದ ಮೇಲೆ ನಗರದ ಪೂರೈಕೆ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್. ಆ ಲೆಕ್ಕದಲ್ಲಿ ಒಂದು ಟಿಎಂಸಿ ಹನ್ನೆರಡು ದಿನ ದಾಟುತ್ತದೆ.

ಕೆಳಗೆ ಒಂದೊಂದು ವರ್ಷದ ನೀರಿನ ಏರಿಳಿತ ತೋರಿಸುವ ಗೆರೆಯೂ ಇದೆ. ಅದು ಜನವರಿಯಿಂದ ಶುರುವಾಗುವುದಿಲ್ಲ, ಜೂನ್‌ನಿಂದ. ಕಾವೇರಿ ನೀರಿನ ವರ್ಷವೇ ಜೂನ್ 1ಕ್ಕೆ ಆರಂಭ. ಜನವರಿಯಿಂದ ಬರೆದರೆ ಒಂದು ಮುಂಗಾರಿನಲ್ಲಿ ತುಂಬಿದ ನೀರಿನ ಕಥೆ ಎರಡು ತುಂಡಾಗುತ್ತದೆ. ಜೂನ್‌ನಿಂದ ಬರೆದಾಗ 2023 ಎದ್ದು ಕಾಣುತ್ತದೆ, ಆ ಸಲ ಕಟ್ಟೆ ತುಂಬಲೇ ಇಲ್ಲ. 2024ರದು ಜುಲೈನಲ್ಲಿ ಜಿಗಿಯುತ್ತದೆ. 2025ರದು ಜೂನ್ ಮುಗಿಯುವಷ್ಟರಲ್ಲೇ ತುದಿ ಮುಟ್ಟುತ್ತದೆ. ಮಾಹಿತಿ ಸಿಗದ ದಿನಗಳಲ್ಲಿ ಗೆರೆ ಕತ್ತರಿಸಿದೆ. ಊಹೆ ಮಾಡಿ ಸೇರಿಸಲು ನನಗೆ ಮನಸ್ಸಿಲ್ಲ.

ಕನ್ನಡ ಅಕ್ಷರಗಳಿಗೆ ಬೇರೆಯೇ ಗಮನ ಬೇಕು. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಟೈಪ್ ಮಾಡುವ ಹಾಗೆ ಅಕ್ಷರ ಮೂಡಿಸುವ ಅನಿಮೇಶನ್ ಅಂತೂ ‘ಕ್ಷ’, ‘ಷ್ಟ್ರ’ಗಳನ್ನು ಒಡೆದುಬಿಡುತ್ತದೆ. ಅದಕ್ಕೇ ಇಡೀ ಪದಗಳನ್ನೇ ಮೂಡಿಸುತ್ತೇನೆ.

ಈಗ ತುಂಗಭದ್ರಾ ಕೈಗೆತ್ತಿಕೊಂಡಿದ್ದೇನೆ. ಅಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಗರಿಷ್ಠ ಮಟ್ಟ (ಇಲ್ಲಿ ಸಮುದ್ರ ಮಟ್ಟದಿಂದ ಲೆಕ್ಕ) ಅಂದಿಗೂ ಇಂದಿಗೂ 1,633 ಅಡಿಯೇ. ಆದರೆ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಒಂದೇ ಆಕಾರ ಬರೆದರೆ ಸಾಲದು. ಹಳೆಯ ಅಂಚನ್ನು ಚುಕ್ಕಿ ಗೆರೆಯಲ್ಲಿ, ಇಂದಿನದನ್ನು ಅದರ ಒಳಗೆ ಬರೆಯುತ್ತಿದ್ದೇನೆ. ನಡುವಿನ ಜಾಗಕ್ಕೆ ಮಣ್ಣಿನ ಬಣ್ಣ.