ಮಡಿಕೇರಿಯಿಂದ ಲಂಡನ್‌ಗೆ ಎಷ್ಟು ಹೊತ್ತು? ನಾನು ಲೆಕ್ಕ ಹಾಕುವ ರೀತಿ

ಮಗಳು ಲಂಡನ್‌ನಲ್ಲಿದ್ದಾಳೆ. ಹಾಗಾಗಿ ಈ ಲೆಕ್ಕ ನನಗೆ ಈಗ ಬಾಯಿಪಾಠ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಟಿಕೆಟ್ಟಿನಲ್ಲಿರುವ ಗಂಟೆ ನಂಬಿ ಹೊರಡಬೇಡಿ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ.

ಬೆಂಗಳೂರಿನಿಂದ ಲಂಡನ್‌ಗೆ ನೇರ ದೂರ ಸುಮಾರು 8,040 ಕಿ.ಮೀ. ಇದು ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟರೆ ಸಿಗುವ ದೂರ ಅಲ್ಲ. ಭೂಮಿ ಗುಂಡಗಿದೆಯಲ್ವಾ? ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಸೌರಾಷ್ಟ್ರ, ಬಲೂಚಿಸ್ತಾನ, ಇರಾನ್, ಕಪ್ಪು ಸಮುದ್ರ, ಉಕ್ರೇನ್ ಮೇಲೆ ಹೋಗುತ್ತದೆ. ವಿಮಾನ ಹಾಗೆ ಹೋಗುವುದಿಲ್ಲ. ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲೇ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವೂ ಭಾರತದ ವಿಮಾನಗಳಿಗೆ ದಾರಿ ಬಂದ್ ಮಾಡಿತು. ಸುತ್ತು ಹಾಕಿದಷ್ಟೂ ಹೊತ್ತು ಜಾಸ್ತಿ.

ಅಂದಾಜಿಗೆ ನಾನು ದೂರವನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತೇನೆ. ಹತ್ತು ಗಂಟೆ ಬರುತ್ತದೆ. ಹೋಗುವಾಗ ಇನ್ನೂ ಅರ್ಧ, ಮುಕ್ಕಾಲು ಗಂಟೆ ಹೆಚ್ಚು ಹಿಡಿಯುವುದುಂಟು. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎದುರಾಗುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ಗಡಿಯಾರದ ಲೆಕ್ಕ ಬೇರೆ. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ಇಳಿದರೆ ಐದೇ ಗಂಟೆ ಅನ್ನಿಸುತ್ತದೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಅಂದರೆ ಹಾರಿದ್ದು ಹತ್ತೂವರೆ ಗಂಟೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ಗಡಿಯಾರ ಮುಂದಿಡುತ್ತಾರೆ. ಆಗ ಅಂತರ ನಾಲ್ಕೂವರೆ.

ನಿಜವಾದ ತಲೆನೋವು ಮೊದಲ 300 ಕಿ.ಮೀ. ಮಡಿಕೇರಿಯಿಂದ ಬೆಂಗಳೂರು ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಹಕ್ಕಿ ಹಾರುವ ದೂರ 230 ಕಿ.ಮೀ. ಇರಬಹುದು. ಕುಶಾಲನಗರ, ಹುಣಸೂರು, ಮೈಸೂರು ಅಂತ ಹೋದರೆ ಹತ್ತಿರ ಹತ್ತಿರ 300. ಮೈಸೂರಿನಿಂದ ಆಚೆಗೆ 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಸಲೀಸು. ಆದರೆ ಕೆಂಗೇರಿಯಿಂದ ಹೆಬ್ಬಾಳಕ್ಕೆ ಎಷ್ಟು ಹೊತ್ತು ಅಂತ ದೇವರಿಗೇ ಗೊತ್ತು! ನಾನು ರಸ್ತೆಗೆ ಏಳು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ ಇಡುತ್ತೇನೆ. ಅಲ್ಲಿಗೇ ಹತ್ತು ಗಂಟೆ ಆಯಿತು, ವಿಮಾನದಲ್ಲಿ ಕೂರುವಷ್ಟೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹಿಂದಿನ ದಿನವೇ ಮೈಸೂರಿಗೆ ಹೋಗಿ ಮಲಗುತ್ತೇನೆ. ಅಲ್ಲಿಂದ ನೇರ ನಿಲ್ದಾಣಕ್ಕೆ ಫ್ಲೈಬಸ್ ಇದೆ.

ದುಬೈ ಕಡೆಗಾದರೆ ನಾನು ಬೆಂಗಳೂರು ಬಿಟ್ಟೇಬಿಡುತ್ತೇನೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕೇರಳದ ಕಣ್ಣೂರು ವಿಮಾನ ನಿಲ್ದಾಣ ವಿರಾಜಪೇಟೆಯಿಂದ ಸುಮಾರು 60 ಕಿ.ಮೀ. ಅಲ್ಲಿಂದ ದುಬೈಗೆ 2,600 ಕಿ.ಮೀ., ನಾಲ್ಕು ಗಂಟೆಯ ಆಸುಪಾಸು. ಮಳೆಗಾಲದಲ್ಲಿ ಮಾತ್ರ ಆ ದಾರಿಯಲ್ಲಿರುವ ಮಾಕುಟ್ಟ ಘಾಟಿ ತೆರೆದಿದೆಯಾ ಅಂತ ಆ ಕಡೆಯವರಿಗೆ ಫೋನ್ ಮಾಡಿ ಕೇಳಿಯೇ ಕಾರು ತೆಗೆಯುವುದು.