ಅಪೆಂಡಿಕ್ಸ್ ತೆಗೆಸಿದವರು ಪಿತ್ತಕೋಶದ ಕಲ್ಲಿಗೆ ಹೀಗೆ ಎಚ್ಚರ ವಹಿಸಿ

ನಾನು ಕಲಬುರಗಿಯಲ್ಲಿ ಸರ್ಜರಿ ವಾರ್ಡಿನ ನರ್ಸ್. ಅಪೆಂಡಿಕ್ಸ್ ತೆಗೆಸಿದರೆ ಮುಂದೆ ಕಲ್ಲಾಗ್ತದೇನ್ರಿ ಅಂತ ಬಹಳ ಜನ ಕೇಳುತ್ತಾರೆ.

2016ರಲ್ಲಿ ತೈವಾನ್‌ನ ಒಂದು ಅಧ್ಯಯನ ಪ್ರಕಟವಾಯಿತು. ಅಪೆಂಡಿಕ್ಸ್ ತೆಗೆಸಿದವರನ್ನು 5 ವರ್ಷ ಗಮನಿಸಿದಾಗ ಅವರಲ್ಲಿ ಪಿತ್ತಕೋಶದ ಕಲ್ಲು ಜಾಸ್ತಿ ಕಂಡಿತ್ತು. ಆಪರೇಷನ್ನೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಈ ಭಯಕ್ಕೆ ಆಪರೇಷನ್ ಮುಂದೂಡಲೇಬೇಡಿ. ಅಪೆಂಡಿಕ್ಸ್ ಒಡೆದರೆ ಜೀವಕ್ಕೇ ಅಪಾಯ.

ಆಮೇಲೆ ಹೊಟ್ಟೆನೋವು ಬಂದರೆ ಮೊದಲು ಜಾಗ ನೋಡಿ. ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಬಲಗಡೆ ಕೆಳಹೊಟ್ಟೆಯಲ್ಲಿ. ಕಲ್ಲಿನ ನೋವು ಬಲಗಡೆ ಪಕ್ಕೆಲುಬಿನ ಕೆಳಗೆ, ಇಲ್ಲವೇ ಎದೆಗೂಡಿನ ಕೆಳಗೆ ನಡುವೆ. ಬೆನ್ನಿಗೆ, ಬಲಭುಜಕ್ಕೆ ಎಳೆಯುತ್ತದೆ. ಮದುವೆ ಊಟ, ಮಿರ್ಚಿ ಭಜಿ ಆದಮೇಲೆ ರಾತ್ರಿ ಶುರುವಾಗಿ ತಾಸುಗಟ್ಟಲೆ ಇರಬಹುದು. ಗ್ಯಾಸ್ ಅಂತ ಸೋಡಾ ಕುಡಿದು ಸುಮ್ನೆ ಕೂತವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಜ್ವರ, ಚಳಿ, ಕಣ್ಣು ಹಳದಿ, ಇದರಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಹೊಟ್ಟೆ ಸ್ಕ್ಯಾನಿಂಗಿಗೆ 6-8 ತಾಸು ಏನೂ ತಿನ್ನದೆ ಹೋಗಿ. ಚಹಾನೂ ಬೇಡ, ಹಾಲು ಕುಡಿದರೂ ಪಿತ್ತಕೋಶ ಕುಗ್ಗಿ ಸರಿಯಾಗಿ ಕಾಣಲ್ಲ. ಹಳೆ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.

ಕಲ್ಲಿದ್ದೂ ನೋವಿಲ್ಲ ಅಂದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗಲ್ಲ. ಉಪವಾಸ ಮಾಡಿ ಗಡಿಬಿಡಿಯಲ್ಲಿ ತೂಕ ಇಳಿಸಬೇಡಿ, ಅದರಿಂದಲೂ ಕಲ್ಲಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ ಹೊತ್ತಿಗೆ ಸರಿಯಾಗಿ ಉಣ್ಣಿ.